ಸಿಪ್ಪೆ ಸಮೇತ

ಈ ಜಗತ್ತಿನಲ್ಲಿ ನನಗೆ ಸಿಕ್ಕಿರುವ ಮರ್ಯಾದೆಯೆಲ್ಲ ನಮ್ಮ ಲ್ಯಾಬಿನ ಹಿತ್ತಲ ಬೆಕ್ಕುಗಳು ಕೊಟ್ಟದ್ದು. ಮಧ್ಯಾಹ್ನ ನಾನು ಬಕೆಟ್ ಹಿಡಿದು ಹಿಂದಿನ ಬಾಗಿಲು ತೆಗೆದರೆ ಸಾಕು, ಐಸ್ ಫ್ಯಾಕ್ಟರಿಯ ಗೋಡೆ ಮೇಲೆ ಮಲಗಿದ್ದವೆಲ್ಲ ಎದ್ದು, ಮೈಮುರಿದು, ಬಾಲ ನೆಟ್ಟಗೆ ಮಾಡಿಕೊಂಡು ಬಂದು ನಿಲ್ಲುತ್ತವೆ. ಬಕೆಟ್ಟಿನಲ್ಲಿರುವುದು ಸಿಗಡಿ ಸಿಪ್ಪೆ. ಸುಲಿದವನು ನಾನು. ರಸಾಯನಶಾಸ್ತ್ರದಲ್ಲಿ ಪದವಿ, ಮೈಮೇಲೆ ಬಿಳಿ ಕೋಟು, ಎದೆ ಮೇಲೆ ನೇತಾಡುವ ಗುರುತಿನ ಚೀಟಿ, ಕೈಯಲ್ಲಿ ಸಿಗಡಿ.

"ಓದಿದ್ದು ಇದಕ್ಕೇನೋ? ನಿಮ್ಮತ್ತೆ ಓದದೇನೇ ನಿನಗಿಂತ ಬೇಗ ಸುಲೀತಾಳೆ" ಎಂದು ಸೋದರಮಾವ ಮನೆಗೆ ಬಂದಾಗಲೆಲ್ಲ ತಪ್ಪದೆ ಹೇಳುತ್ತಾನೆ. ಅತ್ತೆ ಪಕ್ಕದಲ್ಲೇ ಕೂತು, "ತಲೆ ಹಿಡ್ಕೊಂಡು ತಿರುಗಿಸ್ಬೇಕು ಕಣೋ, ಎಳೀಬಾರ್ದು" ಎಂದು ಸಲಹೆ ಕೊಡುತ್ತಾಳೆ. ಸಲಹೆ ಸರಿಯಾಗಿಯೇ ಇದೆ. ಅದೇ ಬೇಜಾರು.

ಇರಲಿ, ಹೇಳಹೊರಟದ್ದು ನನ್ನ ವಿಷಯವಲ್ಲ. ನಾನು ಸುಲಿದು ಕೊಟ್ಟದ್ದನ್ನು ಅಳೆಯುವವರ ವಿಷಯ. ಲ್ಯಾಬಿನಲ್ಲಿ ಎಲ್ಲರೂ ಅವರನ್ನು ಎದುರಿಗೆ ಮೇಡಂ ಎನ್ನುತ್ತೇವೆ, ಬೆನ್ನ ಹಿಂದೆ ಇನ್ನೊಂದ್ಸಲ ಮೇಡಂ. ಏನು ತೋರಿಸಿದರೂ ಅವರ ಬಾಯಿಂದ ಬರುವ ಮೊದಲ ಮಾತು, "ಇನ್ನೊಂದ್ಸಲ ನೋಡೋಣ." ತಕ್ಕಡಿಯಲ್ಲಿಟ್ಟದ್ದನ್ನು ತೆಗೆದು ಮತ್ತೆ ಇಡಿಸುತ್ತಾರೆ. ಮನೆಗೆ ಬೀಗ ಹಾಕಿ, ಎಳೆದು ನೋಡಿ, ಬೀದಿ ತುದಿಯವರೆಗೆ ಬಂದು, ವಾಪಸ್ ಹೋಗಿ ಮತ್ತೆ ಎಳೆದು ನೋಡುತ್ತಾರೆ. ಅವರ ಯಜಮಾನರು ದರ್ಜಿ; ಮನೆಯ ಕೆಳಗೇ ಅಂಗಡಿ. ಪ್ಯಾಂಟು ಚಿಕ್ಕದು ಮಾಡಿಸಲು ಹೋದಾಗ ಅಳತೆ ಪಟ್ಟಿ ಕೊರಳಿಗೆ ಹಾಕಿಕೊಂಡೇ ಹೇಳಿದರು: "ಮದುವೆ ಆಗ್ತೀಯಾ ಅಂತ ಕೇಳಿದೆ ಕಣಪ್ಪಾ. ಇನ್ನೊಂದ್ಸಲ ಕೇಳಿ ಅಂದ್ಲು. ಕೇಳಿದೆ. ಅಲ್ಲೇ ಕೆಟ್ಟೆ." ಒಳಗಿನಿಂದ ಮೇಡಂ ಅತ್ತೆಯ ದನಿ ಬಂತು: "ಅವಳಾದ್ರೂ ಎರಡು ಸಲ ಯೋಚ್ನೆ ಮಾಡಿದ್ಲು. ನೀನು ಒಂದ್ಸಲಾನೂ ಮಾಡ್ಲಿಲ್ಲ."

ನಮ್ಮ ಲ್ಯಾಬು ಐಸ್ ಫ್ಯಾಕ್ಟರಿಯ ಮೇಲ್ಮಹಡಿಯಲ್ಲಿದೆ. ಕೆಳಗೆ ಯಂತ್ರ ಶುರುವಾದರೆ ಮೇಲೆ ಗಾಜಿನ ಸಾಮಾನೆಲ್ಲ ಹಲ್ಲು ಕಡಿದ ಹಾಗೆ ಸದ್ದು ಮಾಡುತ್ತದೆ. ಅದು ನಿಲ್ಲುವವರೆಗೆ ಮೇಡಂ ತಕ್ಕಡಿ ಮುಟ್ಟುವುದಿಲ್ಲ. ಅಲ್ಲಿಗೆ ಕೊಳಗಳಲ್ಲಿ ಸಾಕಿದ ಸಿಗಡಿ ಬರುತ್ತದೆ, ಕಪ್ಪೆಚಿಪ್ಪು ಬರುತ್ತದೆ, ಒಮ್ಮೊಮ್ಮೆ ಏಡಿ. ಸಾಕುವವರು ರೋಗಕ್ಕೆ ಹೆದರಿ ಏನಾದರೂ ಆ್ಯಂಟಿಬಯಾಟಿಕ್ ಹಾಕಿದ್ದಾರೆಯೇ ಎಂದು ನೋಡುವುದು ನಮ್ಮ ಕೆಲಸ. ಅದರಲ್ಲಿ ಒಂದು ಔಷಧಿ ಪೂರ್ತಿ ನಿಷಿದ್ಧ. ಮಹಾ ಚಾಲಾಕಿ ಔಷಧಿ ಅದು: ಸಿಗಡಿಯ ಮೈಗೆ ಸೇರಿದ ಸ್ವಲ್ಪ ಹೊತ್ತಿಗೆ ತಾನು ಮಾಯವಾಗಿ, ತನ್ನದೊಂದು ಚೂರನ್ನು ಮಾತ್ರ ಮಾಂಸಕ್ಕೆ ಅಂಟಿಸಿ ಹೋಗುತ್ತದೆ. ನಾವು ಹುಡುಕುವುದು ಆ ಚೂರನ್ನು. ಕಳ್ಳ ಸಿಗುವುದಿಲ್ಲ, ಅವನು ಬಿಟ್ಟುಹೋದ ಚಪ್ಪಲಿ ಸಿಗುತ್ತದೆ. ಕೆರೆಯಷ್ಟು ನೀರಿಗೆ ಚಿಟಿಕೆ ಉಪ್ಪು ಬಿದ್ದರೂ ಹಿಡಿಯುವಂಥ ಯಂತ್ರ ನಮ್ಮದು. ನಾನು ಸಿಗಡಿ ಸುಲಿದು ಅರೆದು ಡಬ್ಬಿಗೆ ತುಂಬಿ, ಸಂಖ್ಯೆ ಅಂಟಿಸಿ ಕೊಡುತ್ತೇನೆ. ಮೇಡಂ ಅದಕ್ಕೆ ಆಮ್ಲ ಬೆರೆಸಿ, ಬೆಚ್ಚಗಿನ ಪೆಟ್ಟಿಗೆಯಲ್ಲಿ ರಾತ್ರಿಯಿಡೀ ಇಟ್ಟು, ಮರುದಿನ ಯಂತ್ರಕ್ಕೆ ಕೊಡುತ್ತಾರೆ.

ಡಬ್ಬಿ ಯಾರದು ಎಂದು ಅವರು ಕೇಳುವುದಿಲ್ಲ. ಕೊಳದವರು ಎದುರು ಬಂದರೆ ಕನ್ನಡಕ ಒರೆಸುತ್ತಾ ಒಳಗೆ ಹೋಗಿಬಿಡುತ್ತಾರೆ. ಒಮ್ಮೆ ಯಾಕೆಂದು ಕೇಳಿದ್ದೆ.

"ಮುಖ ನೋಡಿದ್ರೆ ಕೈ ಆ ಕಡೆ ವಾಲುತ್ತೆ ಕಣೋ ತಮ್ಮ. ನಂಗೆ ಸಂಖ್ಯೆ ಸಾಕು."

ತಮ್ಮ ಅತ್ತೆಗೆ ಕಣ್ಣಿನ ಪೊರೆ ಆಪರೇಷನ್ ಆದಾಗ ಮೇಡಂ ರಜೆ ಹಾಕಿದರು. ಅವರು ರಜೆ ಹಾಕಿದ್ದನ್ನು ನಾನು ಕಂಡದ್ದು ಅದೇ ಮೊದಲು. ಆಗಲೇ ನಮ್ಮ ಸಹಿ ಸಾಹೇಬರು ಹೊಸ ಗ್ರೈಂಡರ್ ತರಿಸಿದರು. ಸಹಿ ಸಾಹೇಬರೆಂದರೆ ಲ್ಯಾಬಿನ ಮುಖ್ಯಸ್ಥರು. ಒಳ್ಳೆಯ ಮನುಷ್ಯ, ಕೆಟ್ಟ ಮನುಷ್ಯ ಎಂದೆಲ್ಲ ಹೇಳುವಷ್ಟು ಅವರು ಯಾರಿಗೂ ಕಾಣಿಸಿಕೊಂಡಿಲ್ಲ. ಸಹಿ ಮಾತ್ರ ಎಲ್ಲೆಡೆ ಕಾಣುತ್ತದೆ. ಕಲ್ಲು ಹಾಕಿದರೂ ನುಣ್ಣಗೆ ಮಾಡುವ ಗ್ರೈಂಡರ್ ಅದು. ಅದರ ಮುಂದೆ ನಿಂತು, ನಾನು ಸುಲಿಯುವುದನ್ನು ಅವರು ಸ್ವಲ್ಪ ಹೊತ್ತು ನೋಡಿದರು.

"ಇದೇನ್ರೀ, ಅರ್ಧ ದಿನ ಸಿಪ್ಪೇಲೇ ಹೋಯ್ತು. ಸಿಪ್ಪೆ ಸಮೇತ ಹಾಕ್ರೀ."

"ಮೇಡಂ ಯಾವಾಗ್ಲೂ ಸುಲಿದೇ ಹಾಕು ಅಂತಾರೆ ಸಾರ್."

"ಸಿಪ್ಪೇನೂ ಸಿಗಡೀದೇ ತಾನೆ? ಪಕ್ಕದ ಮನೆಯದಲ್ವಲ್ಲ?"

ವಾದ ಮಾಡಬಹುದಿತ್ತು. ಆದರೆ ಯಾಕೆ ಸುಲಿಯಬೇಕು ಎಂದು ನನಗೂ ಗೊತ್ತಿರಲಿಲ್ಲ. ಸಿಪ್ಪೆ ಯಾರೂ ತಿನ್ನುವುದಿಲ್ಲವಲ್ಲ, ಅದಕ್ಕೇ ಇರಬೇಕು ಎಂದುಕೊಂಡಿದ್ದೆ. ಜೊತೆಗೆ, ಸಿಗಡಿ ಸುಲಿಯಬೇಡ ಎಂದು ಒಬ್ಬ ದೊಡ್ಡ ಮನುಷ್ಯ ಬಾಯಿಬಿಟ್ಟು ಹೇಳುವುದನ್ನು ಕೇಳಲು ನಾನು ಎಷ್ಟು ಕಾಲದಿಂದ ಕಾದಿದ್ದೆನೋ ದೇವರಿಗೇ ಗೊತ್ತು. ಕೇಳಿಸಿದ ಕೂಡಲೇ ಚಾಕು ತೊಳೆದಿಟ್ಟೆ. ಆ ದಿನ ಮನೆಗೆ ಹೋಗಿ ಮಾವನಿಗೆ ಫೋನ್ ಮಾಡಿ, "ಇನ್ಮೇಲೆ ಸುಲಿಯೋದಿಲ್ಲ, ಬಡ್ತಿ ಸಿಕ್ಕಿದೆ" ಎಂದೂ ಹೇಳಿದೆ.

ಮೇಡಂ ಇಲ್ಲದ ಆ ದಿನಗಳಲ್ಲಿ ಯಂತ್ರದ ಮುಂದೆ ಸಾಹೇಬರೇ ಕೂತರು. ಒಂದು ಕೊಳದ ಸಿಗಡಿಯಲ್ಲಿ ಆ ನಿಷಿದ್ಧ ಔಷಧಿಯ ಚೂರು ಕಾಣಿಸಿತು. ಮೇಡಂಗೆ ಫೋನ್ ಮಾಡಿದೆ. ಹಿಂದಿನಿಂದ ಅವರತ್ತೆ, "ಕಣ್ಣಿಗೆ ಹನಿ ಹಾಕೋ ಹೊತ್ತಾಯ್ತು, ಯಾರದು?" ಎನ್ನುತ್ತಿದ್ದರು.

"ಇನ್ನೊಂದ್ಸಲ ಮಾಡಿದ್ರಾ?" ಎಂದರು ಮೇಡಂ.

"ಮಾಡಿದ್ವಿ ಮೇಡಂ. ಮತ್ತೆ ಅದೇ ಬಂತು."

"ಹಾಗಾದ್ರೆ ಸರಿ" ಎಂದರು.

ಸಾಹೇಬರು ಸಹಿ ಹಾಕಿದರು. ಅಧಿಕಾರಿಗಳು ಹೋಗಿ ಆ ಕೊಳದ ನೀರು ಬಸಿದು, ಸಿಗಡಿಯನ್ನೆಲ್ಲ ಗುಂಡಿಗೆ ಸುರಿದು, ಮೇಲೆ ಸುಣ್ಣ ಹಾಕಿ ಮುಚ್ಚಿಸಿದರು.

ಮೇಡಂ ವಾಪಸ್ ಬಂದ ವಾರವೇ ಅದೇ ಮನೆಯವರ ಎರಡನೇ ಕೊಳದ ಸಿಗಡಿ ಬಂತು. ಮೇಡಂಗೆ ಅದು ಬರೀ ಸಂಖ್ಯೆ. ನನಗೆ ಮಾತ್ರ ಅದು ಯಾರದೆಂದು ಗೊತ್ತಿತ್ತು. ಕೊಳದ ಒಡತಿ ನಮ್ಮ ಮೆಟ್ಟಿಲ ಮೇಲೇ ಕೂತಿದ್ದರಲ್ಲ! ವಯಸ್ಸಾದ, ಗಟ್ಟಿ ಮೈಕಟ್ಟಿನ ಹೆಂಗಸು; ಪಕ್ಕದಲ್ಲಿ ಕೊಡೆ, ಮಡಿಲಲ್ಲಿ ಚೀಲ. ನಾನು ಅವರಿಗೆ ಮನಸ್ಸಿನಲ್ಲೇ ಮೆಟ್ಟಿಲಮ್ಮ ಎಂದು ಹೆಸರಿಟ್ಟೆ. ಇದೂ ಫೇಲಾದರೆ ಅವರ ನೋಂದಣಿಯೇ ರದ್ದು. ಮತ್ತೆ ಆ ನೀರಿಗೆ ಮರಿ ಬಿಡುವ ಹಾಗೇ ಇಲ್ಲ. ಉತ್ತರ ಬರುವವರೆಗೆ ಸಿಗಡಿ ಹಿಡಿಯುವ ಹಾಗೂ ಇಲ್ಲ. ಬೆಳೆದು ನಿಂತ ಸಿಗಡಿ ನಮ್ಮ ಉತ್ತರಕ್ಕೆ ಕಾಯುತ್ತಾ ಕೂರುವ ಜಾತಿಯಲ್ಲ. ದಿನಾ ಒಂದಿಷ್ಟು ಸಾಯುತ್ತಿತ್ತು.

"ಏನಪ್ಪಾ, ಏನಾದ್ರೂ ಗೊತ್ತಾಯ್ತಾ?" ಎಂದು ನನ್ನ ದಾರಿಗೆ ಕಾಲು ಅಡ್ಡ ಇಟ್ಟುಕೊಂಡೇ ಕೇಳುತ್ತಿದ್ದರು.

"ನೋಡ್ತಾ ಇದಾರೆ ಅಮ್ಮ."

"ಏನು ನೋಡ್ತಾರೆ? ಔಷಧಿ ಹಾಕೋಕೆ ನಂಗೇನು ಹುಚ್ಚಾ? ನನ್ನ ಮಂಡಿ ನೋವಿಗೇ ಇನ್ನೂ ಮಾತ್ರೆ ನುಂಗಿಲ್ಲ, ಸಿಗಡಿಗೆ ನುಂಗಿಸ್ತೀನಾ?"

ಮೊದಲ ಸಲ ನೋಡಿದಾಗ ಚೂರು ಕಾಣಿಸಿತು. ಮೇಡಂ ಇನ್ನೊಂದ್ಸಲ ಮಾಡಿದರು. ಅದೇ. ಮತ್ತೊಂದ್ಸಲ. ಕೂದಲೆಳೆಯಷ್ಟೂ ಆಚೀಚೆ ಇಲ್ಲದೆ ಅದೇ. ಅಷ್ಟಾದರೂ ಅವರು ಉತ್ತರ ಬರೆಯಲಿಲ್ಲ. ಯಂತ್ರದ ಪರದೆಯ ಮೇಲಿನ ಆ ಪುಟ್ಟ ಗುಡ್ಡವನ್ನು ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡುತ್ತಾ, "ಔಷಧಿ ಹಾಕಿದ್ರೆ ಇಷ್ಟು ಕಡಿಮೆ ಯಾಕಿದೆ? ಹಾಕ್ದೇ ಇದ್ರೆ ಇಷ್ಟಾದ್ರೂ ಯಾಕಿದೆ?" ಎಂದು ಗೊಣಗಿದರು. ಆಮೇಲೆ ಕನ್ನಡಕ ತಲೆ ಮೇಲೆ ಏರಿಸಿ ನಮ್ಮ ಕಡೆ ತಿರುಗಿದರು. ಅಲ್ಲಿಂದ ನಮ್ಮ ಗ್ರಹಚಾರ ಶುರುವಾಯಿತು.

ಹೊರಗಿನಿಂದ ಏನೋ ಸೇರುತ್ತಿದೆ ಎಂದು ಅವರಿಗೆ ಅನುಮಾನ. ಕೈಗವಸಿನ ಪೆಟ್ಟಿಗೆ ಎಸೆಸಿದರು. ನೀರು ಬದಲಾಯಿಸಿದರು. ಆಮ್ಲದ ಹೊಸ ಬಾಟಲಿ ತೆರೆದರು. ಹೊಸ ಗ್ರೈಂಡರನ್ನು ತಾವೇ ಬಿಚ್ಚಿ, ಒಂದೊಂದು ತಿರುಪನ್ನೂ ಬ್ರಷ್ಷಿನಲ್ಲಿ ಉಜ್ಜಿ ತೊಳೆದರು. ಆಮೇಲೆ ನನ್ನನ್ನು ಕಿಟಕಿ ಬೆಳಕಿಗೆ ನಿಲ್ಲಿಸಿಕೊಂಡರು.

"ಮುಖಕ್ಕೆ ಏನೋ ಹಚ್ಚಿದೀಯ?"

"ಏನಿಲ್ಲ ಮೇಡಂ."

"ಹೊಳೀತಾ ಇದೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನನ್ನ ಕೈ ತಾನಾಗಿಯೇ ಕೆನ್ನೆಗೆ ಹೋಯಿತು. ಮೊಡವೆಗೆ ಹಚ್ಚುವ ಮುಲಾಮು ಎಂದು ಎಲ್ಲರೆದುರು ಒಪ್ಪಿಕೊಳ್ಳಬೇಕಾಯಿತು. ಅದನ್ನು ಮನೆಯಿಂದ ತರಿಸಿ ಯಂತ್ರಕ್ಕೆ ಹಾಕಿದರು. ಏನೂ ಸಿಗಲಿಲ್ಲ, ಮೊಡವೆಯ ಔಷಧಿಯೂ ಸಿಗಲಿಲ್ಲವೆಂದು ಕೇಳಿ ನನಗೆ ಆ ಅಂಗಡಿಯವನ ಮೇಲೆ ಸಿಟ್ಟು ಬಂತು. ತಮ್ಮನ್ನೂ ಅವರು ಬಿಡಲಿಲ್ಲ. ಅತ್ತೆಯ ಕಣ್ಣಿನ ಹನಿ ಮುಟ್ಟಿದ ಬೆರಳು ಎಂದು, ಆ ಸೀಸೆಯನ್ನೂ ತಂದು ನೋಡಿದರು. "ನನ್ನ ಕಣ್ಣಿಗೂ ಸಿಗಡಿಗೂ ಏನೇ ಸಂಬಂಧ?" ಎಂದು ಅವರತ್ತೆ ಲ್ಯಾಬಿಗೇ ಫೋನ್ ಮಾಡಿ ಕೂಗಾಡಿದ್ದು ಇಡೀ ಮಹಡಿಗೆ ಕೇಳಿಸಿತು. ಅದರಲ್ಲೂ ಏನೂ ಇಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುತ್ತಾ ಹೋದೆವು. ಎಮ್ಮೆಗಳೆಲ್ಲ ಮುಗಿದವು, ಜ್ವರ ಇಳಿಯಲಿಲ್ಲ.

ಸಾಹೇಬರಿಗೆ ತಾಳ್ಮೆ ತಪ್ಪಿತು. "ಇನ್ನೆಷ್ಟು ಸಲ ಮೇಡಂ? ಪ್ರತಿ ಸಲ ಅದೇ ಬಂದಿದೆ. ಯಂತ್ರಕ್ಕೇನು ಆ ಹೆಂಗಸಿನ ಮೇಲೆ ದ್ವೇಷಾನಾ?"

"ಯಾವ ಹೆಂಗಸು?" ಎಂದರು ಮೇಡಂ.

ಸಾಹೇಬರು ನಾಲಗೆ ಕಚ್ಚಿಕೊಂಡರು. ಸಂಖ್ಯೆಗೆ ಒಂದು ಮುಖ ಇದೆ ಎಂದು ಮೇಡಂಗೆ ತಿಳಿದದ್ದು ಹಾಗೆ. ಅವರು ಮತ್ತೇನೂ ಕೇಳಲಿಲ್ಲ. ಆದರೆ ಆ ಸಂಜೆ ಮೆಟ್ಟಿಲು ಇಳಿಯುವಾಗ ಗೋಡೆಗೆ ಅಂಟಿಕೊಂಡು, ಕೂತಿದ್ದವರ ಸೀರೆಯ ಅಂಚೂ ತಾಗದ ಹಾಗೆ ಇಳಿದರು.

"ನಾಳೆ ಸಂಜೆಯೊಳಗೆ ಉತ್ತರ ಬೇಕು. ಇಲ್ಲಾಂದ್ರೆ ನಾನೇ ಬರ್ದು ಸಹಿ ಹಾಕ್ತೀನಿ" ಎಂದು ಸಾಹೇಬರು ಹೇಳಿಯಾಗಿತ್ತು.

ಮರುದಿನ ಮಧ್ಯಾಹ್ನ ಮೇಡಂ ಊಟದ ಡಬ್ಬಿ ತೆರೆದಿಟ್ಟುಕೊಂಡು, ತಿನ್ನದೆ, ಹಿಂದಿನ ಬಾಗಿಲ ಬಳಿ ನಿಂತಿದ್ದರು. ಕೆಳಗೆ ಬೆಕ್ಕುಗಳು ಗಂಟಲು ಹರಿದುಕೊಳ್ಳುತ್ತಿದ್ದವು. ನನ್ನನ್ನು ಕಂಡದ್ದೇ ಒಂದು ದಪ್ಪ ಬೂದು ಬೆಕ್ಕು ಎದ್ದು ಬೆನ್ನು ತಿರುಗಿಸಿ ಕೂತಿತು.

"ಯಾಕೋ ಹೀಗೆ ಅರಚ್ತಾವೆ? ಮೊದ್ಲು ಈ ಹೊತ್ತಿಗೆ ತಿಂದು ಮಲಗಿರ್ತಿದ್ವು."

"ಸಿಪ್ಪೆ ಸಿಕ್ತಿಲ್ವಲ್ಲ ಮೇಡಂ, ಅದಕ್ಕೆ ನನ್ನ ಮೇಲೆ ಸಿಟ್ಟು."

"ಯಾಕೆ ಸಿಕ್ತಿಲ್ಲ? ಎಲ್ಲಿಗೆ ಹಾಕ್ತಿದೀಯ?"

"ಎಲ್ಲಿಗೂ ಇಲ್ಲ. ಹೊಸ ಗ್ರೈಂಡರಿಗೆ ಸಿಪ್ಪೆ ಸಮೇತ ಹಾಕ್ತಿದೀವಲ್ಲ. ಸಾಹೇಬ್ರೇ ಹೇಳಿದ್ದು."

ಮೇಡಂ ಡಬ್ಬಿಯ ಮುಚ್ಚಳ ಹಾಕಿದರು. ಅವರು ಕೂಗಾಡಲಿಲ್ಲ, ಕೂಗಾಡಿದ್ದರೆ ಚೆನ್ನಾಗಿತ್ತು.

"ಈಚೆಗೆ ಕೆಲ್ಸ ಬೇಗ ಮುಗಿಸ್ತೀಯ, ಚುರುಕಾಗಿದೀಯ ಅಂತ ನಿನ್ನ ಹೊಗಳಿದ್ದೆ."

"ಹೌದು ಮೇಡಂ."

"ಹೊಗಳಿಸ್ಕೊಂಡೆ."

"ಹೌದು ಮೇಡಂ."

ಆಮೇಲೆ ಹೇಳಿದರು, ನಾನು ಕೆಲಸಕ್ಕೆ ಸೇರಿದ ದಿನವೇ ಹೇಳಬೇಕಿದ್ದುದನ್ನು. ನಾವು ಹುಡುಕುವ ಚೂರಿದೆಯಲ್ಲ, ಅಂಥದೇ ಚೂರು ಸಿಗಡಿಯ ಸಿಪ್ಪೆಯಲ್ಲಿ ತಾನಾಗಿಯೇ ಇರಬಹುದು, ಯಾವ ಔಷಧಿಯನ್ನೂ ಹಾಕದೆ; ಒಂದು ಕಡೆಯದರಲ್ಲಿ ಹೆಚ್ಚು, ಇನ್ನೊಂದು ಕಡೆಯದರಲ್ಲಿ ಯಂತ್ರಕ್ಕೂ ಕಾಣದಷ್ಟು ಕಡಿಮೆ. ಅದಕ್ಕೇ ಮಾಂಸ ಮಾತ್ರ ಅರೆಯುವುದು. ಸಿಪ್ಪೆ ಸೇರಿಸಿ ಅರೆದರೆ, ಮನೆಯವರದೇ ಚಪ್ಪಲಿ ನೋಡಿ ಕಳ್ಳ ಬಂದಿದ್ದ ಎಂದು ಬೊಬ್ಬೆ ಹೊಡೆದ ಹಾಗೆ.

"ಸುಲಿ ಅಂತ ಹೇಳ್ದೆ, ಯಾಕೆ ಅಂತ ಹೇಳ್ಲಿಲ್ಲ" ಎಂದು ತಮಗೆ ತಾವೇ ಅಂದುಕೊಂಡರು. "ಅದೇ ಹಿಟ್ಟನ್ನ ಇನ್ನೊಂದ್ಸಲ, ಇನ್ನೊಂದ್ಸಲ ಅಂತ ನೋಡ್ತಾ ಕೂತೆ. ಹಿಟ್ಟೇ ತಪ್ಪಾಗಿದ್ರೆ ಸಾವಿರ ಸಲ ನೋಡಿದ್ರೂ ಅದೇ ಬರುತ್ತೆ."

ಸಾಹೇಬರು ಮೊದಲು ನಂಬಲಿಲ್ಲ; ಕೊನೆಗೆ ಇನ್ನೊಂದೇ ದಿನ ಗಡುವು ಕೊಟ್ಟರು. ಮೇಡಂ ನನ್ನನ್ನು ಮೀನು ಮಾರುಕಟ್ಟೆಗೆ ಓಡಿಸಿ, ಬಲೆಯಲ್ಲಿ ಹಿಡಿದ ಸಮುದ್ರದ ಸಿಗಡಿ ತರಿಸಿದರು. "ಸಮುದ್ರಕ್ಕೆ ಯಾರೂ ಔಷಧಿ ಹಾಕಲ್ಲ ತಾನೆ ಸಾರ್?" ಅರ್ಧವನ್ನು ಸಿಪ್ಪೆ ಸಮೇತ ಅರೆದೆವು. ಉಳಿದರ್ಧವನ್ನು ನಾನು ಸುಲಿದೆ. ಅಷ್ಟು ಶ್ರದ್ಧೆಯಿಂದ ನಾನು ಪರೀಕ್ಷೆಗೂ ಓದಿರಲಿಲ್ಲ. ಜೊತೆಗೆ ಎರಡನೇ ಕೊಳದಿಂದ ಹೊಸದಾಗಿ ಸಿಗಡಿ ತರಿಸಿ ಅದನ್ನೂ ಸುಲಿದು ಇಟ್ಟೆವು. ಮರುದಿನ ಯಂತ್ರ ಹೇಳಿತು: ಸಮುದ್ರದ ಸಿಗಡಿ ಸಿಪ್ಪೆ ಸಮೇತ ಅರೆದದ್ದರಲ್ಲಿ ಅದೇ ಪುಟ್ಟ ಗುಡ್ಡ. ಸುಲಿದದ್ದರಲ್ಲಿ ಬಟಾಬಯಲು. ಕೊಳದ್ದರಲ್ಲೂ ಬಟಾಬಯಲು.

ಸಾಹೇಬರು ಪರದೆಯನ್ನು ನೋಡಿದರು, ಗ್ರೈಂಡರನ್ನು ನೋಡಿದರು, ನನ್ನನ್ನೂ ನೋಡಿದರು. ಸಂಜೆಯೊಳಗೆ ಗೋಡೆ ಮೇಲೆ ಒಂದು ಸೂಚನೆ ಬಂತು: ಸಿಗಡಿಯನ್ನು ಕಡ್ಡಾಯವಾಗಿ ಸಿಪ್ಪೆ ಸುಲಿದೇ ಅರೆಯತಕ್ಕದ್ದು. ಕೆಳಗೆ ದೊಡ್ಡದಾಗಿ ಅವರ ಸಹಿ. ಓದಿದವರು ಇದನ್ನು ಕಂಡುಹಿಡಿದವರು ಅವರೇ ಎಂದುಕೊಳ್ಳಬೇಕು, ಹಾಗಿತ್ತು.

ಎರಡನೇ ಕೊಳ ಪಾಸಾಯಿತೆಂದು ಮೆಟ್ಟಿಲಮ್ಮನಿಗೆ ಹೇಳಲು ಹೊರಟವನು ನಾನು. ಒಳ್ಳೆಯ ಸುದ್ದಿ ಹೇಳುವ ಅವಕಾಶ ನನ್ನ ಕೆಲಸದಲ್ಲಿ ಬರುವುದೇ ಅಪರೂಪ. ಆದರೆ ಮೇಡಂ, "ಇರು, ನಾನೇ ಹೇಳ್ತೀನಿ" ಎಂದು ಕೋಟು ಕಳಚಿಟ್ಟು ಮೆಟ್ಟಿಲಿಗೆ ಬಂದರು. ಕೊಳದವರ ಮುಖ ನೋಡಿ ಅವರು ಮಾತಾಡಿದ್ದು ಅದೇ ಮೊದಲು. ಸಿಪ್ಪೆಯ ವಿಷಯವನ್ನೂ ಮುಚ್ಚಿಡದೆ ಹೇಳಿದರು.

ಮೆಟ್ಟಿಲಮ್ಮ ಕೊಡೆ ಊರಿಕೊಂಡು ಎದ್ದರು. "ನಾನು ಮೊದ್ಲೇ ಹೇಳಿದ್ನಲ್ಲಮ್ಮ."

"ನೀವು ಹೇಳಿದ್ದನ್ನ ನಂಬೋ ಹಾಗಿಲ್ಲಮ್ಮ. ನನ್ನ ಕೆಲಸಾನೇ ಅದು."

"ಆಯ್ತು. ಈಗ ನಂಬಿದ್ರಲ್ಲ." ಚೀಲ ಹೆಗಲಿಗೇರಿಸಿ ಕೇಳಿದರು: "ಹಾಗಾದ್ರೆ ಹೂತು ಹಾಕಿದ್ದು?"

ಕೆಳಗೆ ಐಸ್ ಯಂತ್ರ ಶುರುವಾಯಿತು. ಮೆಟ್ಟಿಲ ಕಂಬಿ ನಡುಗಿತು. ಮೇಡಂ ಅದು ನಿಲ್ಲುವವರೆಗೆ ಕಾಯುತ್ತಾರೆ ಎಂದುಕೊಂಡೆ, ತಕ್ಕಡಿಯ ಮುಂದೆ ಕಾಯುವ ಹಾಗೆ. ಕಾಯಲಿಲ್ಲ.

"ಅದ್ರಲ್ಲಿ ಔಷಧಿ ಇತ್ತು ಅಂತ ನಾವು ಹೇಳಿದ್ದು ತಪ್ಪು. ಇರ್ಲಿಲ್ಲ ಅಂತ ತೋರ್ಸೋಕೂ ಈಗ ಏನೂ ಉಳಿದಿಲ್ಲ. ಫ್ರೀಜರಲ್ಲಿ ಒಂದು ಡಬ್ಬಿ ಇದೆ. ಅದೂ ಸಿಪ್ಪೆ ಸಮೇತ ಅರೆದದ್ದೇ."

"ಅರೆದದ್ದನ್ನ ಬಿಡಿಸೋಕಾಗಲ್ಲ."

"ಆಗಲ್ಲ."

"ಆಗ ನೀವು ಇರ್ಲಿಲ್ವಂತೆ. ಫೋನಲ್ಲಿ ಇನ್ನೊಂದ್ಸಲ ಮಾಡಿದ್ರಾ ಅಂತ ಕೇಳಿದ್ರಂತೆ. ಈ ಹುಡುಗ ಹೇಳ್ದ."

"ಕೇಳಿದ್ದೆ" ಎಂದರು ಮೇಡಂ.

ಮೆಟ್ಟಿಲಮ್ಮ ಬೈಯಲಿಲ್ಲ. ಇಳಿದು ಹೋಗುವಾಗ ಮಾತ್ರ, "ಕೊಳ್ಳೋರು ಕೇಳ್ತಾರಮ್ಮ, ಹೋದ ಕೊಳ ಯಾಕೆ ಫೇಲಾಯ್ತು ಅಂತ. ನಾನೇನು ಹೇಳ್ಲಿ? ಬೆಕ್ಕನ್ನ ಕೇಳಿ ಅನ್ಲಾ?" ಎಂದರು. ನಗು ಬರುವಂಥ ಮಾತು. ಯಾರೂ ನಗಲಿಲ್ಲ.

ಅವರು ಹೇಳಿದಂತೆಯೇ ಆಯಿತು. ಎರಡನೇ ಕೊಳದಲ್ಲಿ ಸಾಯದೆ ಉಳಿದ ಸಿಗಡಿ ಹಿಡಿದರು. ಕೊಳ್ಳುವವರು ಮೂಗು ಮುರಿದರು. ಮೊದಲನೆಯದರ ಮೇಲಿನ ಮಸಿ ಹೋಗಬೇಕಾದರೆ ನಾವು ಆ ಉತ್ತರವನ್ನು ವಾಪಸ್ ತೆಗೆದುಕೊಂಡೆವು ಎಂದು ಸಾಹೇಬರು ಬರೆದು ಕೊಡಬೇಕು. ಮೇಡಂ ಅದನ್ನು ಬರೆದೇ ಇಟ್ಟಿದ್ದಾರೆ. ಬೇಕಾದದ್ದು ಒಂದು ಸಹಿ. ಸಿಕ್ಕ ಸಿಕ್ಕ ಕಾಗದಕ್ಕೆಲ್ಲ ಸಹಿ ಹಾಕುವ ಮನುಷ್ಯನಿಗೆ ಇದೊಂದಕ್ಕೆ ಪೆನ್ನು ಸಿಗುತ್ತಿಲ್ಲ.

"ಹೂತದ್ದನ್ನ ಯಾಕೆ ಕೆದಕ್ತೀರಿ ಮೇಡಂ? ತಪ್ಪಾಗಿದೆ ಅಂತ ನಾವೇ ಬರ್ದು ಕೊಟ್ರೆ ಉಳಿದೋರೆಲ್ಲ ಸಾಲಾಗಿ ಬಂದು ನಿಲ್ತಾರೆ."

"ನಿಲ್ಲಲಿ ಸಾರ್. ಸಿಪ್ಪೆ ಸಮೇತ ಅರೆದದ್ದು ಯಾವ್ಯಾವುದು ಅಂತ ನಮಗೆ ಗೊತ್ತಿದೆಯಲ್ಲ."

"ಈಗ ಬಿಡುವಿಲ್ಲ. ಇನ್ನೊಂದ್ಸಲ ಬನ್ನಿ, ನೋಡೋಣ."

ಮೇಡಂ ಮಾತನ್ನು ಮೇಡಂಗೇ ವಾಪಸ್ ಕೊಟ್ಟದ್ದು ಸಾಹೇಬರಿಗೆ ಗೊತ್ತಾಗಲಿಲ್ಲ. ಮೇಡಂಗೆ ಗೊತ್ತಾಯಿತು.

ಈಗ ದಿನಾ ಬೆಳಿಗ್ಗೆ ಮೇಡಂ ಆ ಹಾಳೆ ಹಿಡಿದು ಹೊರಗೆ ಹೋಗುತ್ತಾರೆ. ಸಾಹೇಬರು ಯಾವಾಗಲೂ ಬರುವುದು ಮುಂದಿನ ಗೇಟಿನ ದಾರಿಯಲ್ಲೇ. ಹಾಗಾಗಿ ಮೆಟ್ಟಿಲ ಮೇಲೆ, ಮೆಟ್ಟಿಲಮ್ಮ ಕೂರುತ್ತಿದ್ದ ಜಾಗದಲ್ಲೇ ಕೂರುತ್ತಾರೆ. ಅವರ ಯಜಮಾನರು ಹಳೇ ಬಟ್ಟೆ ತುಂಡುಗಳಿಂದ ಒಂದು ದಿಂಬು ಹೊಲಿದು ಕಳಿಸಿದ್ದಾರೆ, ಕೂರಲು. ಫ್ರೀಜರಿನಲ್ಲಿ ಆ ಡಬ್ಬಿ ಇನ್ನೂ ಇದೆ. ಜಾಗ ಸಾಲುತ್ತಿಲ್ಲ, ಎಸೆಯಿರಿ ಎಂದು ಸಾಹೇಬರು ಹೇಳಿದ್ದಾರೆ. ಎಸೆಯಬೇಕಾದವನು ನಾನು. ಜಾಗ ಹುಡುಕುತ್ತಿದ್ದೇನೆ ಎಂದು ಹೇಳಿ, ಡಬ್ಬಿಯನ್ನು ಕಪ್ಪೆಚಿಪ್ಪಿನ ಚೀಲಗಳ ಹಿಂದೆ ತಳ್ಳಿದ್ದೇನೆ. ನನ್ನ ಇಡೀ ವೃತ್ತಿಜೀವನದ ಧೈರ್ಯ ಅಷ್ಟೇ.

ಇವತ್ತು ಮೇಡಂ ಒಳಗೆ ಬಂದಾಗ ನಾನು ಸುಲಿಯುತ್ತಿದ್ದೆ. ತಲೆ ಹಿಡಿದು, ತಿರುಗಿಸಿ, ಎಳೆಯದೆ. ಬಕೆಟ್ ಅರ್ಧ ತುಂಬಿತ್ತು.

"ಸಿಕ್ತಾ ಮೇಡಂ?"

"ಇಲ್ಲ. ಹಿಂದಿನ ಗೇಟಿಂದ ಬಂದ್ಬಿಟ್ಟಿದಾರೆ." ಹಾಳೆಯನ್ನು ಮಡಿಸದೆ ಡ್ರಾಯರಿನಲ್ಲಿಟ್ಟು, ಒಂದು ಚಾಕು ತೆಗೆದುಕೊಂಡು ನನ್ನೆದುರು ಕೂತರು. ಒಂದು ಸಿಗಡಿ ಎತ್ತಿ ಸುಲಿದರು, ಇನ್ನೊಂದನ್ನು ಸುಲಿದರು. ಸಾಹೇಬರ ಕೋಣೆಯ ಬಾಗಿಲು ಹಾಕಿಕೊಂಡ ಸದ್ದು ಕೇಳಿಸಿತು. ಮೇಡಂ ತಲೆಯೆತ್ತಲಿಲ್ಲ.

"ನಾಳೆ ನಾನು ಹಿಂದಿನ ಗೇಟಲ್ಲಿ ಕೂರ್ತೀನಿ" ಎಂದರು. "ಮುಂದಿನದ್ರಲ್ಲಿ ನೀನು ಕೂರು."

"ನಾನಾ ಮೇಡಂ?"

"ಮತ್ತೆ? ಬೆಕ್ಕನ್ನ ಕೂರಿಸ್ಲಾ?"